ಶನಿವಾರಸಂತೆಯಿಂದ ಬಂದ ಫೋಟೋ

ಕುಪ್ಪಗಡ್ಡೆ
೯ ಡಿಸೆಂಬರ್ ೧೯೫೮

ಮಹೇಶನಿಗೆ ಅಜ್ಜಿಯ ಆಶೀರ್ವಾದ. ಬೈಗುಳ ಕೆಳಗಿದೆ, ಓದು.

ನಿನ್ನ ಕಾರ್ಡು ಬಂತು. ಶಿಕಾರಿಪುರದ ಸ್ಟುಡಿಯೋದಲ್ಲಿ ನೆರಳಿಗೆ ನಿಂತು ಕೆಲಸ ಮಾಡುವುದನ್ನು ಬಿಟ್ಟು, ಈ ಚಳಿಯಲ್ಲಿ ನಿನ್ನ ಮಾಲೀಕ ನಾಗರಾಜಪ್ಪನ ಜೊತೆ ಜೀಪಿನಲ್ಲಿ ಬೆಟ್ಟ ಸುತ್ತಲು ಹೊರಟಿದ್ದೀಯಂತೆ. ಯಾರೋ ಜವಳಿ ಅಂಗಡಿಯವರ ಕ್ಯಾಲೆಂಡರಿಗೆ ಬೆಟ್ಟದ ಚಿತ್ರ ಬೇಕಂತೆ. ಸೀರೆ ಕೊಳ್ಳಲು ಬರುವ ಹೆಂಗಸಿಗೆ ಬೆಟ್ಟ ಏತಕ್ಕೋ, ಉಡುತ್ತಾಳೆಯೇ? ಮಿಲಿಟರಿಯವರು ಬೇಡವೆಂದು ಮಾರಿದ ಜೀಪಂತೆ. ಯುದ್ಧದಲ್ಲಿ ಉಳಿದುಕೊಂಡದ್ದು ನಿನ್ನನ್ನು ಕೂರಿಸಿಕೊಂಡು ಘಾಟಿಯಲ್ಲಿ ಪ್ರಾಣ ಬಿಡದಿದ್ದರೆ ಸಾಕು.

ನಿಮ್ಮಪ್ಪನ ಕಂಬಳಿ ಕಳಿಸಿದ್ದೇನೆ, ಹೊದ್ದುಕೋ. ಕಂಬಳಿ ಹೊದ್ದರೆ ಫೋಟೋಗ್ರಾಫರನಂತೆ ಕಾಣುವುದಿಲ್ಲ ಎಂದು ನಾಚಬೇಡ. ಹೇಗೂ ಕ್ಯಾಮೆರಾ ಪೆಟ್ಟಿಗೆಯ ಹಿಂದೆ ಕಪ್ಪು ಬಟ್ಟೆ ಹೊದ್ದು ನಿಲ್ಲುವವನು ನೀನು. ಅದಕ್ಕಿಂತ ಕಂಬಳಿಗೆ ಮರ್ಯಾದೆ ಹೆಚ್ಚು.

ನಿಮ್ಮ ದಾರಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಮೇಲೆ ಮಡಿಕೇರಿಗೆ ಎಂದು ಬರೆದಿದ್ದೀಯ. ಸಕಲೇಶಪುರ ದಾಟಿದ ಮೇಲೆ ಶನಿವಾರಸಂತೆ ಸಿಗುತ್ತದೆ. ಅಲ್ಲಿ ನನ್ನ ತಂಗಿ ದ್ಯಾಮಮ್ಮ ಇದ್ದಾಳೆ. ನನಗೆ ತಂಗಿ ಇದ್ದಾಳೆಂದೇ ನಿನಗೆ ಗೊತ್ತಿರಲಿಕ್ಕಿಲ್ಲ. ಈ ಮನೆಯಲ್ಲಿ ಆ ಹೆಸರು ಎತ್ತಿ ಮೂವತ್ತು ವರ್ಷವಾಯಿತು. ನಮ್ಮ ಅವ್ವ ತೀರಿಕೊಂಡಾಗ ಅವಳು ಬಂದು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವ್ವನ ಮುಖ ತೋರಿಸಲಿಲ್ಲವೆಂದು ಜಗಳವಾಡಿ ಅಂಗಳದಿಂದಲೇ ತಿರುಗಿ ಹೋದಳು. ಒಂದು ಲೋಟ ನೀರು ಮುಟ್ಟಲಿಲ್ಲ. ಅಷ್ಟೇ ಕಥೆ.

ಹೋಗು ಎಂದು ನಾನೇನೂ ಹೇಳುತ್ತಿಲ್ಲ. ಹೋದರೆ, ನಾನು ಕಳಿಸಿದೆ ಎನ್ನಬೇಡ. ಹಲ್ಲು ಎಷ್ಟು ಉಳಿದಿವೆ, ಮೊಣಕಾಲು ಹೇಗಿದೆ, ಸೊಸೆ ಅನ್ನ ಹಾಕುತ್ತಾಳೋ ಮುಖ ಸಿಂಡರಿಸುತ್ತಾಳೋ, ನೋಡಿ ಬರೆ. ಮತ್ತೆ, ನಿನ್ನ ಪೆಟ್ಟಿಗೆ ಅವಳ ಮುಂದೆ ಇಡಬೇಡ. ನಮ್ಮ ಕಡೆ ಜೀವ ಇರುವ ಮುದುಕರು ಯಾರು ಫೋಟೋಕ್ಕೆ ಕೂರುತ್ತಾರೆ? ಲಿಂಗೈಕ್ಯರಾದ ಮೇಲೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಹೂವು ಹಾಕಿ ತೆಗೆಸುವುದು. ಬರಲಾಗದ ನೆಂಟರು ಮುಖ ನೋಡಲಿ ಎಂದು ಕಳಿಸಿಕೊಡುವುದು. ನಿನಗೆ ಹೇಳಬೇಕೇ? ಮದುವೆಗಿಂತ ಸಾವಿನ ಮನೆಗೇ ನಿನ್ನನ್ನು ಹೆಚ್ಚು ಕರೆಯುತ್ತಾರೆ.

ಹಾಳು ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡ.

ನಿನ್ನ ಅಜ್ಜಿ
ವರದಮ್ಮ


ಮೂಡಿಗೆರೆ
೧೮ ಡಿಸೆಂಬರ್ ೧೯೫೮

ಪ್ರೀತಿಯ ಅಜ್ಜಿಗೆ ಮಹೇಶನ ನಮಸ್ಕಾರ.

ಕಂಬಳಿಯೊಳಗೇ ಕುಳಿತು ಬರೆಯುತ್ತಿದ್ದೇನೆ. ನಾಗರಾಜಪ್ಪನವರು ಮೊದಲ ದಿನ ಕಂಬಳಿ ನೋಡಿ ನಕ್ಕರು. ಮೂರನೆಯ ದಿನದಿಂದ ಅರ್ಧ ಕಂಬಳಿ ಅವರದು.

ಚಿಕ್ಕಮಗಳೂರಿನಿಂದ ಗಿರಿ ಹತ್ತಿದ ದಿನ ಜೀಪು ಎರಡು ಕಡೆ ನಿಂತಿತು. ಒಂದು ಕಡೆ ನಾವೇ ನಿಲ್ಲಿಸಿದ್ದು, ಇನ್ನೊಂದು ಕಡೆ ಅದೇ ನಿಂತದ್ದು. ಹಿಂದಿನ ಸಂಜೆ ಜಾಗ ಗುರುತು ಮಾಡಿದ್ದೆವು. ಬೆಳಿಗ್ಗೆ ಹೋಗಿ ಮೂರು ಕಾಲಿನ ಸ್ಟ್ಯಾಂಡು ನೆಟ್ಟು ಪೆಟ್ಟಿಗೆ ಇಟ್ಟರೆ ಎದುರಿಗೆ ಬರೀ ಮಂಜು. ನಾಗರಾಜಪ್ಪನವರು ಸೊಂಟಕ್ಕೆ ಕೈ ಇಟ್ಟು ನಿಂತು, "ಲೇ ಮಹೇಶ, ನಿನ್ನೆ ಇಲ್ಲೇ ಇತ್ತಲ್ಲೋ ಬೆಟ್ಟ, ಎಲ್ಲಿ ಹೋತು?" ಎಂದು ನನ್ನನ್ನೇ ಗದರಿಸಿದರು, ನಾನೇ ಕದ್ದಿಟ್ಟಿದ್ದೇನೆ ಎನ್ನುವ ಹಾಗೆ. ಮೂರು ಗಂಟೆ ಕಾದೆವು. ನನ್ನ ಬೆರಳು ಮರಗಟ್ಟಿ, ಜೀಪಿನ ಬಿಸಿ ಬಾನೆಟ್ಟಿನ ಮೇಲೆ ಕೈ ಇಟ್ಟು ಕಾಯಿಸಿಕೊಂಡೆ. ಆಮೇಲೆ ಮಂಜು ಹರಿಯಿತು. ಹತ್ತು ಎಣಿಸುವಷ್ಟು ಹೊತ್ತು, ಅಷ್ಟೇ. ಒಂದರ ಹಿಂದೆ ಒಂದು ಏಳು ಸಾಲು ಬೆಟ್ಟ ಕಂಡವು. ಆ ಹತ್ತರಲ್ಲಿ ಐದು ಎಣಿಕೆ ಬರೀ ನೋಡುತ್ತಾ ಕಳೆದೆ, ಉಳಿದ ಐದರಲ್ಲಿ ಫೋಟೋ ತೆಗೆದೆ.

ಕಾಫಿ ಕೊಯ್ಯುವ ಹೆಂಗಸರು ಚಳಿಗೆ ಕಿವಿ, ಗದ್ದ ಎಲ್ಲ ಸೇರಿಸಿ ಬಟ್ಟೆ ಕಟ್ಟಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಒಬ್ಬಳು, "ಅಷ್ಟೊಂದು ಅವಸರ ಯಾಕಪ್ಪ, ಬೆಟ್ಟ ಎದ್ದು ಓಡೋಗ್ತದಾ?" ಎಂದಳು. ನಿಜ ಹೇಳಲೇ ಅಜ್ಜಿ? ಬೆಟ್ಟ ನನಗೆ ಹೊಂದಿಕೊಂಡ ಗಿರಾಕಿ. ನಾನು ಇದುವರೆಗೆ ತೆಗೆದವರೂ ಅಲ್ಲಾಡುತ್ತಿರಲಿಲ್ಲ, ಇದೂ ಅಲ್ಲಾಡುವುದಿಲ್ಲ.

ನಾಡಿದ್ದು ಶನಿವಾರಸಂತೆ. ನೀನು ಕಳಿಸಿದೆ ಎನ್ನುವುದಿಲ್ಲ.

ನಿನ್ನ ಮೊಮ್ಮಗ
ಮಹೇಶ್ವರಪ್ಪ


ಕುಪ್ಪಗಡ್ಡೆ
೨ ಜನವರಿ ೧೯೫೯

ಚಿರಂಜೀವಿ ವೀರಬಸಪ್ಪನಿಗೆ, ನೀನು ಕಂಡಿರದ ನಿನ್ನ ದೊಡ್ಡವ್ವ ವರದಮ್ಮ ಬರೆಯುವುದು.

ಸೊರಬದ ಏಲಕ್ಕಿ ವ್ಯಾಪಾರಿಯೊಬ್ಬರು ಆ ಕಡೆ ಬಂದಿದ್ದರಲ್ಲ, ಅವರ ಆಳು ನಿನ್ನೆ ಫೋಟೋ ತಂದುಕೊಟ್ಟ, ಶನಿವಾರಸಂತೆಯ ಕಡೆಯಿಂದ ಎಂದಷ್ಟೇ ಅವನಿಗೆ ಗೊತ್ತಿತ್ತು. ಜೊತೆಗೆ ಕಾಗದವಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಿಮ್ಮವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದೀರಿ. ಗದ್ದಕ್ಕೆ ಬಟ್ಟೆ ಕಟ್ಟಿದೆ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಹಿಂದೆ ಸೇವಂತಿಗೆ ಮಾಲೆ. ಕಣ್ಣು ಮುಚ್ಚಿದೆ. ಎಲ್ಲವನ್ನೂ ಕ್ರಮವಾಗಿ ಮಾಡಿದ್ದೀರಿ. ಮಾತು ಬಿಟ್ಟ ಅಕ್ಕನಿಗೂ ಕೊನೆಯ ಮುಖ ತೋರಿಸಬೇಕೆಂದು ನಿನಗೆ ತೋಚಿತಲ್ಲ ಮಗನೇ, ನಿನ್ನ ಹೊಟ್ಟೆ ತಣ್ಣಗಿರಲಿ. ನಾನು ಅವಳಿಗೆ ಮಾಡದೆ ಹೋದದ್ದನ್ನು ಅವಳ ಮಗ ನನಗೆ ಮಾಡಿದ.

ನನ್ನ ಮೊಮ್ಮಗ ಅಲ್ಲಿಗೆ ಬಂದಾಗ ಅವಳು ಇದ್ದಳೋ ಹೋಗಿದ್ದಳೋ ತಿಳಿಯದು. ಬರೆಯಲು ಅವನಿಗೆ ಕೈ ಬರಲಿಲ್ಲವೇನೋ.

ಎಷ್ಟು ಮುದುಕಿಯಾಗಿಬಿಟ್ಟಿದ್ದಾಳೆ! ನನಗಿಂತ ನಾಲ್ಕು ವರ್ಷ ಚಿಕ್ಕವಳು. ಮೂವತ್ತು ವರ್ಷ ನಾನು ಮನಸ್ಸಿನಲ್ಲಿ ಜಗಳವಾಡಿದ್ದು ಕಪ್ಪು ಕೂದಲಿನವಳ ಜೊತೆ. ಈ ಮುದುಕಿ ಯಾರೆಂದು ಮೊದಲು ಗುರುತೇ ಹತ್ತಲಿಲ್ಲ. ಮೂಗು ನೋಡಿ ತಿಳಿಯಿತು. ಅದು ನಮ್ಮವ್ವನ ಮೂಗು.

ನಿನ್ನನ್ನೂ ಒಂದು ಸಲ ನೋಡಿದ್ದೇನೆ. ಹನ್ನೆರಡು ದಿನದ ಕೂಸು ನೀನು, ಅವಳ ಸೆರಗಿನಲ್ಲಿ ಒಂದು ಬಟ್ಟೆಯ ಗಂಟು. ಗಂಟು ನೋಡಿದೆ, ಮುಖ ನೋಡಲಿಲ್ಲ. ಅದನ್ನೂ ಕ್ಷಮಿಸು.

ಮುಂದಿನದು ನಿನಗಲ್ಲ. ಅವಳ ಸಮಾಧಿಯ ಮುಂದೆ ಕುಳಿತು ಗಟ್ಟಿಯಾಗಿ ಓದು.

ದ್ಯಾಮಿ, ಅವ್ವ ಹೋದ ದಿನ ನೀನು ಹೊರಟಿದ್ದೀ ಎಂಬ ತಂತಿ ನಮ್ಮ ಕೈಯಲ್ಲಿತ್ತು. ಹಿರಿಯರು ಕಾಯೋಣ ಎಂದರು. "ಚಳಿಗಾಲ ಕಣಮ್ಮ, ನಾಳೆ ಮಧ್ಯಾಹ್ನದವರೆಗೂ ಏನೂ ಆಗಲ್ಲ, ಕಿರಿಯವಳು ಬಂದು ಮುಖ ನೋಡ್ಲಿ" ಎಂದು ಮಠದ ಅಯ್ಯನವರೂ ಹೇಳಿದರು. ಬೇಡ ಎಂದವಳು ನಾನು. ಆಮೇಲೆ ನಿನ್ನ ಮುಂದೆ ಹಿರಿಯರ ಮೇಲೆ ಹಾಕಿದೆ, ಅವರು ಒಪ್ಪಲಿಲ್ಲ ಎಂದೆ. ಊರವರಿಗೂ ಅದನ್ನೇ ಹೇಳಿದೆ. ಹೇಳಿ ಹೇಳಿ ನನಗೇ ನಿಜವೆನಿಸುವ ಹಾಗಾಗಿತ್ತು. ಮೂರು ತಿಂಗಳು ಅವ್ವನ ಹೊಲಸು ಬಾಚಿದ್ದು ನಾನು. ಅವ್ವ ದಿನಾ ಕೇಳಿದ್ದು ನಿನ್ನನ್ನು. ಆ ಸಿಟ್ಟು. ಆ ತಿಂಗಳುಗಳಲ್ಲಿ ನೀನು ತುಂಬಿದ ಬಸುರಿ, ಬರಲಾಗುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು. ನೀನು ಅಂಗಳದಲ್ಲಿ ನಿಂತು, "ನೀನೊಂದು ಮಾತು ಹೇಳಿದ್ರೆ ಕಾಯ್ತಿದ್ರು" ಎಂದೆಯಲ್ಲ, ಅದು ಸರಿಯಾಗಿತ್ತು.

ಹೀಗೆ ಬರೆಯಲು ನೀನು ಸಾಯಬೇಕಾಯಿತು. ನಿನ್ನ ಅಕ್ಕ ಇಷ್ಟೇ ಧೈರ್ಯದವಳು.

ವರದಮ್ಮ


ಮಡಿಕೇರಿ
೯ ಜನವರಿ ೧೯೫೯

ಅಜ್ಜಿ,

ಚಿಕ್ಕಜ್ಜಿ ಬದುಕಿದ್ದಾಳೆ. ಮೊದಲು ಇದನ್ನು ಎರಡು ಸಲ ಓದು. ಆಮೇಲೆ ಮುಂದಿನದು.

ಹೊರಡುವಾಗ ನಾನು ಕೊಟ್ಟಿದ್ದ ಇಲ್ಲಿನ ಸ್ಟುಡಿಯೋ ವಿಳಾಸಕ್ಕೆ ಅಪ್ಪನ ಕಾಗದ ಇಂದು ಬಂತು. ನೀನು ಎರಡು ದಿನ ಊಟ ಬಿಟ್ಟೆಯಂತೆ. ಅಯ್ಯನವರನ್ನು ಕರೆಸಿ ಅವಳ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿಸಿ, ಕೇರಿಗೆಲ್ಲ ಹೋಳಿಗೆ ಊಟ ಹಾಕಿಸಿದೆಯಂತೆ. ಓದಿದವನೇ ತಂತಿ ಕೊಡೋಣ ಎಂದು ಅಂಚೆ ಕಚೇರಿಯವರೆಗೆ ಓಡಿದೆ. ತಂತಿ ಬಂತೆಂದರೆ ಒಡೆಯುವ ಮೊದಲೇ ನೀವೆಲ್ಲ ಮತ್ತೊಮ್ಮೆ ಅಳುತ್ತೀರಿ ಎಂದು ಕಾಗದ ತೆಗೆದುಕೊಂಡೆ.

ತಪ್ಪು ನನ್ನದು. ಪೆಟ್ಟಿಗೆ ಇಡಬೇಡ ಎಂದು ನೀನು ಬರೆದಿದ್ದೆ. ಆದರೆ ನಿನಗೆ ಅವಳ ಮುಖ ನೋಡುವ ಆಸೆ ಇರಬಹುದು ಎನ್ನಿಸಿತು. ನಾನು ಹೋದಾಗ ಬಾಗಿಲಲ್ಲೇ, "ನಿಮ್ಮಜ್ಜಿ ಕಳ್ಸಿದ್ಲಾ?" ಎಂದಳು. ಇಲ್ಲ ಎಂದೆ. "ಸುಳ್ಳು ಹೇಳಿದ್ರೆ ಕಿವಿ ಕೆಂಪಾಗೋದು ಅವಳಿಗೂ ಹೀಗೇ. ಬಾ ಒಳಗೆ" ಎಂದಳು. ಫೋಟೋ ಎಂದದ್ದಕ್ಕೆ, "ಕೂರಕ್ಕೆಲ್ಲ ನಂಗೆ ಪುರುಸೊತ್ತಿಲ್ಲ. ಪೂಜೆಗೆ ಕೂರ್ತೀನಿ, ಬೇಕಾದ್ರೆ ಹಿಡ್ಕೋ. ಮಾತಾಡಿಸ್ಬೇಡ" ಎಂದಳು. ದವಡೆ ಹಲ್ಲು ನೋವು, ಮೇಲೆ ಚಳಿ, ಗದ್ದಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. ಲಿಂಗ ಹಿಡಿದು ಕಣ್ಣು ಮುಚ್ಚಿದಳು. ಹಿಂದಿನ ಗೋಡೆ ಬೋಳಾಗಿ ಕಂಡಿತು ಅಜ್ಜಿ. ಬಾಗಿಲ ಸೇವಂತಿಗೆ ಮಾಲೆ ಬಿಚ್ಚಿ ಅಲ್ಲಿ ಕಟ್ಟಿದೆ. ನನ್ನ ಕೈಗೆ ರೂಢಿಯಾದದ್ದು ಅದೊಂದೇ ಕೆಲಸ. ಇಲ್ಲಿಗೆ ಬಂದು ತೊಳೆದು ಪ್ರಿಂಟು ಹಾಕಿದಾಗಲೂ ಅದು ಸಾವಿನ ಮನೆಯ ಫೋಟೋದಂತಿದೆ ಎಂದು ನನಗೆ ಹೊಳೆಯಲಿಲ್ಲ.

ಎಲ್ಲವನ್ನೂ ವಿವರವಾಗಿ ಬರೆದಿದ್ದೆ. ಫೋಟೋವನ್ನು ಸೊರಬದ ಏಲಕ್ಕಿ ವ್ಯಾಪಾರಿಯ ಕೈಗೆ ಕೊಟ್ಟೆ, ಕಾಗದವನ್ನು ಅಂಚೆಗೆ ಹಾಕಲು ನಾಗರಾಜಪ್ಪನವರ ಕೈಗೆ ಕೊಟ್ಟೆ. ಈ ಹೊತ್ತು ಅದು ಅವರ ಕೋಟಿನ ಒಳಜೇಬಿನಲ್ಲಿ ಸಿಕ್ಕಿತು. ಅವರು ಬೆಳಗಿನಿಂದ ನನ್ನ ಮುಖ ನೋಡುತ್ತಿಲ್ಲ. ಜೀಪಿನ ಆಕ್ಸಲ್ ಮುರಿದು ನಾವು ಇಲ್ಲೇ ಸಿಕ್ಕಿಬಿದ್ದಿದ್ದೇವೆ.

ಹಲ್ಲು ಹನ್ನೊಂದಿವೆ. ಮೊಣಕಾಲು ಗಟ್ಟಿ. ಸೊಸೆ ಇವಳಿಗೆ ಹೆದರುತ್ತಾಳೆ.

ಮಹೇಶ


ಕುಪ್ಪಗಡ್ಡೆ
ಸಂಕ್ರಾಂತಿ, ೧೪ ಜನವರಿ ೧೯೫೯

ಮೂರ್ಖ ಶಿಖಾಮಣಿ ಮಹೇಶನಿಗೆ,

ನಿನ್ನ ಕಾಗದವನ್ನು ಎರಡು ಸಲವಲ್ಲ, ಏಳು ಸಲ ಓದಿದೆ. ನಿಮ್ಮಪ್ಪ ಓದಿದ. ಪಕ್ಕದ ಮನೆಯ ಶೇಷಮ್ಮ ಓದಲು ಬಾರದಿದ್ದರೂ ಕೈಯಲ್ಲಿ ಹಿಡಿದು ನೋಡಿ, "ವರದಕ್ಕ, ಹಂಗಾದ್ರೆ ನಾವು ತಿಂದ ಹೋಳಿಗೆ ಯಾರ್ದು?" ಎಂದಳು. ಊರಿನ ಹೆಂಗಸರು ಈಗ ನನ್ನನ್ನು ಕಂಡರೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಅಳಲಿಕ್ಕಲ್ಲ.

ನಿನ್ನನ್ನು ಬೈಯಲು ಒಂದು ಇಡೀ ದಿನ ಬೇಕು, ಅದನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಈಗ ಕೆಲಸ ಕೇಳು. ಅವಳು ಹೋದಳೆಂದು ತಿಳಿದು ನಾನು ವೀರಬಸಪ್ಪನಿಗೆ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ಸತ್ತವರಿಗೆ ಮಾತ್ರ ಹೇಳಬಹುದಾದ ಮಾತು ಇದೆ. ಜೀಪು ಮುರಿದಿದ್ದರೆ ಬಸ್ಸು ಹತ್ತು, ಬಸ್ಸಿಲ್ಲದಿದ್ದರೆ ನಡೆ. ಅವನು ಅದನ್ನು ಅವಳಿಗೆ ಓದಿ ಹೇಳುವ ಮೊದಲು ಕಿತ್ತುಕೊಂಡು ಒಲೆಗೆ ಹಾಕು. ನೀನು ಓದಬೇಡ.

ಅವಳು ನನ್ನನ್ನು ಮೂವತ್ತು ವರ್ಷ ಬೈದುಕೊಂಡಿದ್ದಾಳೆ, ಅದನ್ನು ತಾಳಿದ್ದೇನೆ. ಬೈಯುವುದನ್ನೂ ಬಿಟ್ಟುಬಿಟ್ಟರೆ ನನಗೆ ಅವಳ ಕಡೆಯಿಂದ ಏನೂ ಉಳಿಯುವುದಿಲ್ಲ. ನಿನಗೆ ಇದು ಅರ್ಥವಾಗುವುದಿಲ್ಲ. ಓಡು.

ಎಳ್ಳು ಬೆಲ್ಲ ಕಟ್ಟಿಟ್ಟಿದ್ದೇನೆ. ಕೊಡುತ್ತೇನೋ ಇಲ್ಲವೋ ನೋಡೋಣ.

ಅಜ್ಜಿ


ಶನಿವಾರಸಂತೆ
೨೧ ಜನವರಿ ೧೯೫೯

ಅಕ್ಕನಿಗೆ, ನೀನು ಮಣ್ಣು ಮಾಡಿದ ತಂಗಿ ದ್ಯಾಮಮ್ಮ ಬರೆಸುವುದು. ಕೈ ನಿನ್ನ ಮೊಮ್ಮಗನದು, ಮಾತು ನನ್ನದು. ಒಂದು ಅಕ್ಷರ ತಿದ್ದಿದರೂ ಊಟವಿಲ್ಲ ಎಂದು ಹೇಳಿ ಕೂರಿಸಿದ್ದೇನೆ. ಮೊನ್ನೆ ಏದುಸಿರು ಬಿಡುತ್ತಾ ಬಂದು, "ಕಾಗದ ಎಲ್ಲಿ?" ಎಂದ ಪಾಪ. ತಡವಾಗಿತ್ತು.

ನಿನ್ನ ಕಾಗದ ಏಳನೆಯ ತಾರೀಕಿಗೇ ಬಂತು. ವೀರಬಸಪ್ಪ ಜಗಲಿಯಲ್ಲಿ ನಿಂತು ಓದಿ ಬಿಳಿಚಿಕೊಂಡು ಕಣದ ಕಡೆ ಬಂದ. ನಾನು ಕಾಫಿ ಹಣ್ಣು ಹರಡುತ್ತಿದ್ದೆ.

"ಅವ್ವಾ, ನೀನು ಹೋಗ್ಬಿಟ್ಟಿದೀಯಂತೆ" ಎಂದ.

"ಯಾವಾಗ?" ಎಂದೆ.

"ಇದನ್ನ ನಿನ್ನ ಸಮಾಧಿ ಮುಂದೆ ಓದ್ಬೇಕಂತೆ."

"ಸಮಾಧಿ ಕೈಕಾಲು ತೊಳ್ಕೊಂಡು ಬರತ್ತೆ, ತಡಿ" ಎಂದೆ.

ಮೊದಲ ಭಾಗಕ್ಕೆ ಮನೆಯವರೆಲ್ಲ ನಕ್ಕರು. ನನ್ನನ್ನು ಮುದುಕಿ ಎಂದಿದ್ದೀ, ಇರಲಿ. ದ್ಯಾಮಿ ಎಂದಲ್ಲಿಂದ ಯಾರೂ ನಗಲಿಲ್ಲ. ಆ ಹೆಸರಿನಲ್ಲಿ ನನ್ನನ್ನು ಕರೆಯುವವರು ಇನ್ನು ನೀನೊಬ್ಬಳೇ.

ಬೇಡ ಎಂದದ್ದು ನೀನೇ ಎಂದು ಆವತ್ತೇ ನನಗೆ ಗೊತ್ತಿತ್ತು. ಹಿರಿಯರ ಹೆಸರು ಹೇಳುವಾಗ ನಿನ್ನ ಕಿವಿ ಕೆಂಪಾಗಿತ್ತು. ಗೊತ್ತಿದ್ದರೂ ನಿನ್ನ ಬಾಯಿಂದ ಬರಬೇಕಿತ್ತು, ಅದಕ್ಕೇ ಕಾದೆ. ಮೂವತ್ತು ವರ್ಷದ ಮೇಲೆ ಬಂತು, ಅದೂ ನಾನು ಸತ್ತೆನೆಂದು ತಿಳಿದು. ಸತ್ತವಳಿಗೆ ಹೇಳುವುದು ಸುಲಭ ಅಕ್ಕ, ಅವಳು ತಿರುಗಿ ಒಂದು ಮಾತು ಆಡುವುದಿಲ್ಲ. ನಾನು ಆಡುತ್ತೇನೆ. ಬಂದು ನನ್ನ ಮುಂದೆ ಹೇಳು.

ನಾನೇ ಬರಲಿ ಎಂದು ಕಾಯಬೇಡ. ಒಂದು ಸಲ ನಾನು ಬಂದೆ, ಹಸಿ ಬಾಣಂತಿ. ಈ ಸಲ ನಿನ್ನದು.

ನನ್ನ ಹೆಸರಿನಲ್ಲಿ ಹೋಳಿಗೆ ಮಾಡಿಸಿದೆಯಂತೆ. ಕಡಲೆಬೇಳೆಯದೋ ತೊಗರಿಬೇಳೆಯದೋ? ನನ್ನದೇ ಊಟ, ನನಗೆ ತಿಳಿಯಬೇಡವೇ?

ಬದುಕಿರುವ
ದ್ಯಾಮಮ್ಮ


ಶನಿವಾರಸಂತೆ
೮ ಫೆಬ್ರವರಿ ೧೯೫೯

ಚಿರಂಜೀವಿ ಮಲ್ಲಿಕಾರ್ಜುನನಿಗೆ ನಿನ್ನ ಅವ್ವನ ಆಶೀರ್ವಾದ. ಸೊಸೆಗೂ ಹೇಳು.

ನಿನ್ನ ಮಗನೂ ನಾಗರಾಜಪ್ಪನೂ ರಿಪೇರಿಯಾದ ಜೀಪಿನಲ್ಲಿ ನನ್ನನ್ನು ಜೀವಸಹಿತ ತಲುಪಿಸಿದರು. ಕಾಗದ ಜೇಬಿನಲ್ಲಿ ಮರೆತ ಪಾಪಕ್ಕೆ ಆ ಮನುಷ್ಯ ನನ್ನನ್ನು ದೇವರ ಪಲ್ಲಕ್ಕಿಯ ಹಾಗೆ ಕರೆತಂದ. ಮೂಡಿಗೆರೆ ದಾಟಿದ ಮೇಲೆ, "ಅಜ್ಜಿ, ಕಣ್ಣು ಮುಚ್ಕೊಳ್ರಿ, ಮುಂದೆ ತಿರುವು ಭಾಳ ಐತಿ" ಎಂದ. "ನಾನು ಮುಚ್ಕೊಂಡ್ರೂ ನಡೀತದಪ್ಪ, ನೀನು ಬಿಟ್ಕೊಂಡಿರು" ಎಂದೆ.

ಬೆಟ್ಟವೆಂದರೆ ನಮ್ಮ ಚಂದ್ರಗುತ್ತಿಯ ಗುಡ್ಡ ಎಂದುಕೊಂಡಿದ್ದವಳು ನಾನು. ಇಲ್ಲಿ ಊಟಕ್ಕೆ ಪಂಕ್ತಿ ಕೂರಿಸಿದ ಹಾಗೆ ಸಾಲುಸಾಲಾಗಿ ಕುಳಿತಿವೆ. ಬೆಳಗಿನ ಹೊತ್ತು ಮಂಜು ಜೀಪಿನೊಳಗೇ ಬಂದು ನನ್ನ ಪಕ್ಕ ಕುಳಿತಿತ್ತು. ಮಹೇಶ ಅಲ್ಲಲ್ಲಿ ಜೀಪು ನಿಲ್ಲಿಸಿ ಪೆಟ್ಟಿಗೆ ಇಳಿಸುತ್ತಿದ್ದ. ನನಗೆ ಅದೆಲ್ಲ ಬೇಕಿರಲಿಲ್ಲ. ಒಂದೊಂದು ತಿರುವಿಗೂ ನನಗೆ ಒಂದೇ ಯೋಚನೆ. ಹನ್ನೆರಡು ದಿನದ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಈ ದಾರಿಯಲ್ಲಿ, ಇದೇ ಚಳಿಯಲ್ಲಿ, ಎತ್ತಿನ ಗಾಡಿಯಲ್ಲಿ ಇಳಿದು, ರೈಲು ಹತ್ತಿ, ಮತ್ತೆ ಗಾಡಿ ಹಿಡಿದು ಅವಳು ಬಂದಳು. ಬಂದವಳನ್ನು ನಾನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿದೆ. ನನಗೆ ದೂರವೆಂದರೆ ಎಷ್ಟು ಎಂದು ಗೊತ್ತಿರಲಿಲ್ಲ ಮಲ್ಲಿ. ಸೊರಬದ ಸಂತೆಯೇ ನನ್ನ ದೂರ.

ಅವಳು ಬಾಗಿಲಲ್ಲಿ ನಿಂತಿದ್ದಳು. ಓಡಿ ಬಂದು ತಬ್ಬಿಕೊಂಡಳು ಎಂದು ನೀನು ತಿಳಿದುಕೊಳ್ಳಬೇಡ. "ಕಾಲು ಒರೆಸ್ಕೊಂಡು ಬಾ, ಈಗ ತಾನೇ ಸಾರಿಸಿದೀನಿ" ಎಂದಳು.

"ಸತ್ತೋಳು ನೆಲ ಸಾರಿಸ್ತಾಳೇನೆ?" ಎಂದೆ.

"ಊಟ ಹಾಕಿಸ್ದೋರು ಬರ್ತಾರೆ ಅಂತ ಎದ್ದು ಬಂದೆ" ಎಂದಳು.

ವೀರಬಸಪ್ಪ ಕಾಲಿಗೆ ಬಿದ್ದ. ಅವನ ಗದ್ದ ಎತ್ತಿ ಮುಖವನ್ನು ಬೆಳಕಿಗೆ ತಿರುಗಿಸಿ ಚೆನ್ನಾಗಿ ನೋಡಿದೆ. ಮೀಸೆ ಬಂದ ಗಂಡಸು ನಾಚಿಕೊಂಡ.

ಎರಡು ದಿನ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಹೋಳಿಗೆಗೆ ಬೆಲ್ಲ ಎಷ್ಟು ಎಂದು ಜಗಳವಾಡಿದೆವು. ನನ್ನ ಗೊರಕೆಗೆ ಹಿಂದಿನಿಂದಲೂ ಹೆಸರಿತ್ತು ಎಂದು ಸೊಸೆಯ ಮುಂದೆ ಹೇಳಿ ನನ್ನ ಮಾನ ಕಳೆದಳು. ಮಾತು ನಿಂತಲ್ಲೆಲ್ಲ ಅದು ನಮ್ಮ ನಡುವೆ ಬಂದು ಕೂರುತ್ತಿತ್ತು. ನಾನು ಎದ್ದು ನೀರು ಕುಡಿದು ಬರುತ್ತಿದ್ದೆ.

ಮೂರನೆಯ ದಿನ, ನಿನ್ನೆ ಬೆಳಿಗ್ಗೆ, ಕಣದಲ್ಲಿ ಇಬ್ಬರೂ ಕಾಫಿ ಹಣ್ಣು ಹರಡುತ್ತಿದ್ದೆವು. ಅವಳು ಆ ಕೊನೆಯಿಂದ, ನಾನು ಈ ಕೊನೆಯಿಂದ. ತಲೆ ಎತ್ತದೆ ಹೇಳಿದೆ: "ಬೇಡ ಅಂದೋಳು ನಾನೇ ಕಣೇ. ಹಿರಿಯರಲ್ಲ. ತಪ್ಪಾಯ್ತು."

ಅವಳು ಹರಡುವುದನ್ನು ನಿಲ್ಲಿಸಲಿಲ್ಲ. ತಿರುಗಿ ಮಾತಾಡುತ್ತೇನೆ ಎಂದಿದ್ದಳಲ್ಲ, ಏನು ಬೈಯುತ್ತಾಳೋ ಎಂದು ನಾನು ಕಾದೆ. ಹರಡುತ್ತಾ ಹರಡುತ್ತಾ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಳು.

"ಒಂದೇ ಕೇಳ್ತೀನಿ. ಅವ್ವಂಗೆ ಯಾವ ಸೀರೆ ಉಡಿಸಿದ್ದೆ?"

ಮೂವತ್ತು ವರ್ಷ ಯಾರೂ ನನ್ನ ಹತ್ತಿರ ಇದನ್ನು ಕೇಳಿರಲಿಲ್ಲ.

"ನೀನು ಕಳ್ಸಿದ್ದು. ಆ ವರ್ಷ ದೀಪಾವಳಿಗೆ ಗಾಡಿಯವನ ಕೈಲಿ ಕಳ್ಸಿದ್ದೆಯಲ್ಲ, ಹಸಿರುದು, ಕೆಂಪು ಅಂಚಿಂದು. ಒಂದು ದಿನಾನೂ ಉಡ್ಲಿಲ್ಲ ಅವ್ವ. ದಿಂಬಿನ ಕೆಳಗಿಟ್ಕೊಂಡು ಬಂದೋರಿಗೆಲ್ಲ ತೋರಿಸ್ತಿದ್ಲು. ನಾನೇ ಮಡಿಕೆ ಬಿಚ್ಚಿ ಉಡಿಸ್ದೆ."

"ಅಷ್ಟು ಸಿಟ್ಟಲ್ಲೂ?"

"ಅಷ್ಟು ಸಿಟ್ಟಲ್ಲೂ."

 ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಬಣ್ಣ ಅವ್ವಂಗೆ ಒಪ್ತಿತ್ತು, ಅಲ್ವಾ?" ಎಂದಳು.

ತುಂಬ ಒಪ್ಪುತ್ತಿತ್ತು ಎಂದೆ. ಹೇಗೆ ಕಾಣುತ್ತಿದ್ದಳು ಎಂದು ಕೇಳಿದಳು. ಹೇಳುತ್ತಾ ಹೋದೆ. ಬಿಸಿಲು ನೆತ್ತಿಗೆ ಬಂದು ಸೊಸೆ ಊಟಕ್ಕೆ ಕರೆಯುವವರೆಗೂ ಹೇಳಿದೆ. ಇನ್ನೂ ಮುಗಿದಿಲ್ಲ. ಈ ಹೊತ್ತೂ ಕೇಳುತ್ತಿದ್ದಾಳೆ.

ಶಿವರಾತ್ರಿ ಕಳೆಯುವವರೆಗೆ ನನ್ನ ದಾರಿ ನೋಡಬೇಡಿ.

ನಿನ್ನ ಅವ್ವ
ವರದಮ್ಮ